ಕಲ್ಲು ಹೊತ್ತು ದೇವಾಪುರದವರೆಗೆ

ನಮ್ಮ ಉಸ್ತಾದರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಎಳೆಗಳು ಕೂತಿರುತ್ತಿದ್ದವು. ಹಗಲೆಲ್ಲ ಹತ್ತಿ ಹಿಂಜುವ ಕೆಲಸ, ಮುಂಜಾನೆ ಸುರಪುರದ ಗರಡಿ. ನಿಜಾಮರ ಕಾಲ ಮುಗಿಯುತ್ತ ಬಂದಿದ್ದ ದಿನಗಳವು. ಈಗ ನೆನೆದರೆ ಆ ಕೆಮ್ಮಣ್ಣು, ಕಿಂಡಿಯ ಬಿಸಿಲು, ಅದರಲ್ಲಿ ತೇಲುವ ಹತ್ತಿ ಎಲ್ಲವೂ ನಿದ್ದೆಯಲ್ಲಿ ಕಂಡಂತಿದೆ.

ನಾನು ಕೃಷ್ಣಾ ಹೊಳೆಯಲ್ಲಿ ಹರಿಗೋಲು ನಡೆಸುವವನು. ಆ ವರ್ಷ ಚಳಿಜ್ವರ ನನ್ನನ್ನು ಹಿಂಡಿ ಹಾಕಿತ್ತು. ಹುಟ್ಟು ಹಿಡಿದರೆ ಕೈ ನಡುಗುತ್ತಿತ್ತು. ಹೊಳೆ ತುಂಬುವುದರೊಳಗೆ ತೋಳು ಬಲಿಯದಿದ್ದರೆ ಊರ ಗೌಡರು ಹರಿಗೋಲನ್ನು ಬೇರೆಯವನಿಗೆ ಒಪ್ಪಿಸುವುದು ಖಂಡಿತವಾಗಿತ್ತು. ಸುರಪುರದ ಅಕ್ಕನ ಮನೆಯಲ್ಲಿ ಉಳಿದು ಗರಡಿ ಸೇರಿದೆ.

ಉಸ್ತಾದರ ಅಳತೆಯೇ ಬೇರೆ. ಗುಂಡುಕಲ್ಲನ್ನು ಹೆಗಲಿಗೇರಿಸಿ ಗರಡಿ ಸುತ್ತುತ್ತ, ಊರಿಂದ ಹೊಳೆಗೆ ಹೋಗುವ ದಾರಿಯ ಗುರುತುಗಳನ್ನು ಸುತ್ತಿಗೊಂದರಂತೆ ಗಟ್ಟಿಯಾಗಿ ಹೇಳಬೇಕು: ಊರಬಾಗಿಲು, ಹುಣಸೆಮರ, ಹಳ್ಳ, ದೇವಾಪುರ... ಉಸಿರು ಎಲ್ಲಿ ಕಡಿಯಿತೋ ಅಲ್ಲಿಗೆ ಅವತ್ತಿನ ಲೆಕ್ಕ. ಮರದ ಹೆಸರು ಹೇಳುವಾಗ ನನಗೆ ನಿಜವಾಗಿಯೂ ನೆರಳು ತಾಗಿದಂತಾಗುತ್ತಿತ್ತು.

ಆದರೆ ನಾನೆಂಥ ಪೆದ್ದ! ಮೈ ನೋಯದಿದ್ದರೆ ಶಕ್ತಿ ಬಂದಿಲ್ಲ ಎಂದೇ ನಂಬಿದ್ದೆ. ದಿನ ಕಳೆದಂತೆ ನೋವು ಇಳಿಯಿತು, ನನಗೆ ದಿಗಿಲು ಏರಿತು. ಅಕ್ಕನ ಹಿತ್ತಲಲ್ಲಿ ಕದ್ದು ಕದ್ದು, ನೆಲಕ್ಕೆ ಕೈಯೂರಿ ದಂಡ ಹೊಡೆದೆ. ಮೂರನೆಯ ದಿನ ತೋಳು ಬಾತು, ರೊಟ್ಟಿಯನ್ನು ಬಾಯಿಗೆ ಒಯ್ಯಲಾರದೆ ಅತ್ತೇಬಿಟ್ಟೆ. ಅಕ್ಕ ತುತ್ತಿಟ್ಟಳು, ಜೊತೆಗೆ ಬೈಗುಳವನ್ನೂ.

ಸುದ್ದಿ ತಿಳಿದು ಉಸ್ತಾದರು ಮನೆಗೇ ಬಂದರು. ತೋಳು ಮುಟ್ಟಿ ನೋಡಿ ಗದರಿದರು: "ಹುಚ್ಚ ಹಿಡದೈತೇನ್ ಬೇಟಾ? ನೋವ ಎಷ್ಟೈತಿ ಅಂತ ನಿನಗ ಯಾರ ಕೇಳ್ಯಾರ?"

"ಮೊದ್ಲಿನಂಗ ನೋಯಾಕತ್ತಿಲ್ರಿ ಉಸ್ತಾದ್. ತಾಕತ್ ಬರೋದ ನಿಂತೈತೇನೋ ಅಂತ ಅಂಜಿಕಿ ಬಂತ್ರಿ."

"ಹೋದ ತಿಂಗಳ ಹುಣಸಿಮರಕ್ಕ ಕುಸದಿದ್ದಿ. ಮೊನ್ನಿ ದೇವಾಪುರ ಮುಟ್ಟೀದಿ. ಅದನ್ನ ನೋಡಬೇಕಲೇ! ಈಗ ಸುಮ್ನ ಮಲಗು."

ಎಂಟು ದಿನ ಗರಡಿಯ ಬಾಗಿಲಲ್ಲೂ ಸುಳಿಯಗೊಡಲಿಲ್ಲ. ದಿನಾ ಬಂದು ಬೆಚ್ಚಗಿನ ಎಣ್ಣೆ ತೀಡಿ ಹೋಗುತ್ತಿದ್ದರು.

ಹೊಳೆ ತುಂಬಿದಾಗ ಹುಟ್ಟು ನನ್ನ ಕೈಯಲ್ಲೇ ಇತ್ತು. ಮೊದಲ ಸಲ ದಾಟಿಸುವಾಗ ಉಸ್ತಾದರೇ ಬಂದು ಕೂತರು. ಈಜು ಬಾರದ ಮನುಷ್ಯ, ನಡುಹೊಳೆಯಲ್ಲಿ ತೂಕಡಿಸಿದರು! ಆ ನಂಬಿಕೆಗೆ ನಾನು ಏನು ಕೊಟ್ಟರೂ ಸಾಲದು.

ಕೆಲವು ಮಳೆಗಾಲ ಕಳೆದವು. ಒಂದು ದಿನ ಜನ ತುಂಬಿದ ಹರಿಗೋಲಿನಲ್ಲಿ, ಉಸ್ತಾದರು ತೀರಿಕೊಂಡ ಸುದ್ದಿಯನ್ನು ಯಾರೋ ಹೇಳಿದರು. ಕಣ್ಣು ಮಂಜಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಎಲ್ಲರನ್ನೂ ದಡ ಮುಟ್ಟಿಸಿ, ಕೊನೆಯವರು ಇಳಿದು ಹೋದ ಮೇಲೆ, ಮರಳಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ.