ಉಪ್ಪಿಟ್ಟು ತಿಂದು ಹೋದ ವಾಚು

ಚಿಂತಾಮಣಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ, ಮಗುಚಿಟ್ಟ ಕೊಡೆಯೊಳಗೆ ವಾಚುಗಳನ್ನು ಹರಡಿಕೊಂಡು ಕೂತಿದ್ದವನು, "ತಗೊಳ್ಳಮ್ಮ, ಫಸ್ಟ್ ಕಾಪಿ! ಅಸಲಿ ಮಾಡ್ದೋನಿಗೂ ಗೊತ್ತಾಗಲ್ಲ" ಎಂದು ಒಂದನ್ನು ನನ್ನ ಅಂಗೈಯಲ್ಲಿಟ್ಟ. ಚಿನ್ನದ ಬಣ್ಣದ ಚೈನು, ಕಪ್ಪು ಮುಖ, ಆ ಮುಖದೊಳಗೆ ಮತ್ತೆ ಮೂರು ಪುಟಾಣಿ ಮುಖಗಳು. ನಾನು ಹೋಗಿದ್ದದ್ದೇ ಅಂಥದ್ದೊಂದಕ್ಕೆ. ಭಾನುವಾರ ಮಗ ಹೆಣ್ಣು ನೋಡಲು ಹೊರಟಿದ್ದಾನೆ. ಕಾಲೇಜಿನಲ್ಲಿ ಪಾಠ ಹೇಳುವವನು. "ಒರಿಜಿನಲ್ ನಮ್ಮ ಕೈಗೆ ಎಟುಕಲ್ಲಮ್ಮ, ನೋಡೋಕೆ ಹಂಗೇ ಇದ್ರೆ ಸಾಕು" ಅಂದಿದ್ದ.

ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಬ್ಯಾಗಿನಲ್ಲಿ ಫೋನು ಗುಂಯ್‌ಗುಟ್ಟಿತು. ಗೌರಿಬಿದನೂರಿನವರು. ಹೋದ ತಿಂಗಳು ಅವರ ಮಗಳನ್ನು ನೋಡಿ ಬಂದಿದ್ದೆವು. ಮಗನಿಗೆ ಒಪ್ಪಿಗೆಯಾಗಿರಲಿಲ್ಲ. ಸುಮ್ಮನಿದ್ದರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಸುಮ್ಮನಿದ್ದೆವು; ಅದನ್ನೇ ಸಭ್ಯತೆ ಅಂದುಕೊಂಡಿದ್ದೆವು. ಫೋನನ್ನು ಬ್ಯಾಗಿನ ತಳಕ್ಕೆ ತಳ್ಳಿ ಮತ್ತೆ ವಾಚು ನೋಡಿದೆ. ಇದನ್ನೆಲ್ಲೋ ನೋಡಿದ್ದೇನೆ ಅನ್ನಿಸಿತು. ಇದನ್ನಲ್ಲ, ಇದರ ತಾತನನ್ನು.

ಆ ತಾತ ಇದ್ದದ್ದು ನನ್ನ ಸೋದರಮಾವ ಸೀನಮಾವನ ಕೈಯಲ್ಲಿ. ಮಾವ ಜಂಗಮಕೋಟೆಯ ಹಾಲಿನ ಡೈರಿಯಲ್ಲಿ ಗುಮಾಸ್ತ; ನಾನು ಬೆಳೆದದ್ದು ಅವನ ಮತ್ತು ಅಜ್ಜಿಯ ಜೊತೆ ಅದೇ ಮನೆಯಲ್ಲಿ. ಬೆಂಗಳೂರಿನ ಫುಟ್‌ಪಾತಿನಲ್ಲಿ ಆ ವಾಚು ಕೊಂಡು ತಂದ ದಿನದಿಂದ ಅವನ ತುಂಬುತೋಳಿನ ಅಂಗಿಗಳೆಲ್ಲ ಅರ್ಧ ತೋಳಿನವಾದವು. ಒಳಗಿನ ಮೂರು ಪುಟಾಣಿ ಮುಖಗಳ ಮುಳ್ಳುಗಳು ಬರೀ ಬಣ್ಣದವು, ಯಾವತ್ತೂ ಅಲ್ಲಾಡಲಿಲ್ಲ. ನಮ್ಮ ಕಣ್ಣಿಗೆ ಮಾತ್ರ ಅದು ವಿಮಾನ ಓಡಿಸುವವರ ವಾಚು.

ಬೇಗನೆ ಅದು ಬೀದಿಯ ಆಸ್ತಿಯಾಯಿತು. ಹೆಣ್ಣು ನೋಡಲು ಹೊರಟ ಗಂಡುಗಳೆಲ್ಲ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಸಣ್ಣ ಮಣಿಕಟ್ಟಿನವರಿಗೆ ಮಾವನೇ ಚೈನಿನ ಕೆಳಗೆ ರೇಷ್ಮೆ ನೂಲು ಸುತ್ತಿ ಬಿಗಿ ಮಾಡಿಕೊಡುತ್ತಿದ್ದ. "ಕೈ ತೊಳೆಯೋವಾಗ ಬಿಚ್ಚಿಡಪ್ಪ, ನೀರು ಹೋದ್ರೆ ಮರ್ಯಾದೆ ಹೋಯ್ತು" ಅನ್ನುವುದೊಂದೇ ಷರತ್ತು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ ಯಾರಿಗೂ ಪುರುಸೊತ್ತಿಲ್ಲ, ವಾಚಿಗೂ ವಿಶ್ರಾಂತಿ. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೋದ ಮೇಲೆ ಮತ್ತೆ ಎಲ್ಲರಿಗೂ ಮದುವೆ ನೆನಪಾಗುತ್ತಿತ್ತು. ಆ ವಾಚು ಕಟ್ಟಿಕೊಂಡವರಿಗೆಲ್ಲ ಮದುವೆಯಾಯಿತು, ಮಾವನೊಬ್ಬನನ್ನು ಬಿಟ್ಟು. ತಲೆಗೂದಲು ಉದುರುತ್ತಿತ್ತು, ಅಜ್ಜಿಯ ಆಸೆಯೂ ಅದರ ಜೊತೆಗೇ.

ಕೊನೆಗೆ ತೊಂಡೇಬಾವಿಯಿಂದ ಒಂದು ಸಂಬಂಧ ಬಂತು. ಹೈಸ್ಕೂಲಿನಲ್ಲಿದ್ದ ನನ್ನನ್ನೂ ಅಜ್ಜಿ ಕರೆದೊಯ್ದಳು. ಅಡುಗೆಮನೆಗೆ ನುಗ್ಗಿ ಹುಡುಗಿಯ ಗುಣ ತಿಳಿದು ಬರುವುದು ನನ್ನ ಕೆಲಸ. ಅಂಥ ಪತ್ತೇದಾರಿಕೆಗೆ ನಾನು ಹೆಸರಾಗಿದ್ದೆ. ಹುಡುಗಿಯ ಹೆಸರು ಜಲಜ. ಬಾಗಿಲ ಸಂದಿಯಿಂದ ಮಾವನ ಕೈಯನ್ನೇ ನೋಡುತ್ತಿದ್ದಳು.

"ಆ ವಾಚು ನಮ್ಮನೆಗೆ ಮೊದ್ಲೂ ಬಂದಿತ್ತು ಕಣೇ" ಅಂದಳು. "ಬೇರೆ ಯಾರದೋ ಕೈಯಲ್ಲಿ. ಗಂಡಿನ ಭಾವ ದುಬೈಯಿಂದ ತಂದಿದ್ದು ಅಂದಿದ್ರು. ನಾನು ಮಾಡಿದ ಉಪ್ಪಿಟ್ಟು ತಿಂದು ಹೋಗಿದ್ದು, ಹೂಂ ಅಂತಾನೂ ಹೇಳ್ಲಿಲ್ಲ, ಊಹೂಂ ಅಂತಾನೂ ಹೇಳ್ಲಿಲ್ಲ. ಯುಗಾದಿ ಹೋಗಿ ಗಣೇಶನ ಹಬ್ಬ ಬಂದ್ರೂ, ಸೈಕಲ್ ಬೆಲ್ ಕೇಳಿದ್ರೆ ನಮ್ಮಪ್ಪ ಈಚೆಗೆದ್ದು ಬರ್ತಿದ್ರು."

ನನ್ನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ಹೊರಗೆ ಅವಳ ಅಪ್ಪ, "ವಾಚಿ ಭಲೇ ಉಂದಯ್ಯಾ!" ಎಂದು ತೆಲುಗಿನಲ್ಲಿ ಹೊಗಳುತ್ತಿದ್ದರು. ಕಾಫಿ ತಂದ ಜಲಜ ತಟ್ಟೆ ಕೆಳಗಿಡದೆ ಮಾವನನ್ನೇ ಕೇಳಿಬಿಟ್ಟಳು: "ಇದು ಯಾರ ವಾಚು?"

ಅಷ್ಟರಲ್ಲಿ ರೈಲು ಬಂತು. ಸ್ಟೇಷನ್ನಿನ ಹತ್ತಿರದ ಮನೆ. ಗೂಡ್ಸು ಹೋಗುವವರೆಗೂ ಯಾರ ಮಾತೂ ಕೇಳುವಂತಿಲ್ಲ. ಕಟ್ಟಿಕೊಂಡವರೆಲ್ಲ ಹೇಳುವಂತೆ ದುಬೈಯದು ಅಂದುಬಿಡು ಎಂದು ಅಜ್ಜಿ ಕಣ್ಣಲ್ಲೇ ಬೇಡುತ್ತಿದ್ದಳು. ಮಾವ ತಲೆ ತಗ್ಗಿಸಿ ಕೂತಿದ್ದ.

"ನಂದೇ" ಅಂದ, ರೈಲು ಹೋದ ಮೇಲೆ. "ಡೂಪ್ಲಿಕೇಟು. ಕೇಳ್ದೋರಿಗೆಲ್ಲ ಕೊಡ್ತೀನಿ."

"ಟೈಮಾದ್ರೂ ಸರಿ ತೋರಿಸುತ್ತಾ?"

"ಅದೊಂದು ಸರಿಯಾಗಿದೆ."

ಜಲಜ ನಕ್ಕಳು. ಆ ನಗುವೇ ನಮ್ಮ ಜಲಜತ್ತೆ.

ಅತ್ತೆ ಬಂದ ಮೇಲೂ ವಾಚು ಊರು ಸುತ್ತುವುದು ನಿಲ್ಲಲಿಲ್ಲ. ಆದರೆ ಷರತ್ತು ಹಾಕುವವರು ಬದಲಾದರು. ಯಾರು ಬಂದರೂ ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದಳು: "ಹೋದ್ಸಲ ನೋಡಿದ ಮನೆಗೆ ಏನಂತ ಹೇಳ್ಕಳಿಸಿದೆ? ಹೇಳಿಲ್ವಾ? ಹಂಗಾದ್ರೆ ಮೊದ್ಲು ಅಲ್ಲಿಗೆ ಹೋಗಿ ಹೇಳ್ಬಾ. ಬೇಡ ಅನ್ನೋದಾದ್ರೂ ಬಾಯ್ಬಿಟ್ಟು ಹೇಳು. ಆಮೇಲೆ ವಾಚು." ಎಂಥೆಂಥ ಗಂಡುಗಳು ಬೈದುಕೊಳ್ಳುತ್ತಾ ಬಂದ ದಾರಿಗೇ ಸೈಕಲ್ ತಿರುಗಿಸಿದ್ದನ್ನು ನಾನೇ ನೋಡಿದ್ದೇನೆ. ಅದನ್ನು ನೋಡಿ ನಗುತ್ತಿದ್ದವಳೂ ನಾನೇ.

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ಆ ವಾಚು ಯಾವ ಮದುವೆಮನೆಯಲ್ಲಿ ಉಳಿಯಿತೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಅವರಿಬ್ಬರೂ ನೆನಪಾಗಿ, ಬ್ಯಾಗಿನ ತಳದಲ್ಲಿದ್ದ ಫೋನಿಗೆ ಕೈ ಹಾಕಿದೆ.

"ಏನಮ್ಮ, ಪ್ಯಾಕ್ ಮಾಡ್ಲಾ?" ಎಂದ ಕೊಡೆಯವನು.

"ಇಟ್ಟಿರಪ್ಪ, ಒಂದು ಫೋನ್ ಮಾಡಿ ಬರ್ತೀನಿ."

ಗೌರಿಬಿದನೂರಿನ ತಾಯಿ ಮೊದಲ ರಿಂಗಿಗೇ ಎತ್ತಿದರು. ತಡವರಿಸುತ್ತಲೇ ಹೇಳಿದೆ. ಕೂಡಿಬರಲಿಲ್ಲ, ತಡ ಮಾಡಿದ್ದು ನಮ್ಮ ತಪ್ಪು ಎಂದೆ.

"ಹೇಳಿದ್ರಲ್ಲ, ಅಷ್ಟು ಸಾಕು ಬಿಡೀಮ್ಮ" ಅಂದರು ಆಕೆ. "ಫೋನು ಸದ್ದಾದ್ರೆ ನಿಮ್ಮದೇನೋ ಅಂತ ಮಗಳು ತಟ್ಟೆ ಬಿಟ್ಟು ಎದ್ದು ಬರ್ತಿದ್ಲು. ಇನ್ನು ಕೂತು ಉಣ್ತಾಳೆ."