ಮೊದಲು ಉಂಡವಳು

ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿ, ಜನವರಿ ತಿಂಗಳು, ಸಂಕ್ರಾಂತಿಗೆ ನಾಲ್ಕು ದಿನ ಮುಂಚಿನ ಗುರುವಾರ, ಬೆಳಗಿನ ಆರು ಗಂಟೆ. ಗುಂಡ್ಲುಪೇಟೆಯಲ್ಲಿ ನಮ್ಮ ಮಾವನವರ ಮನೆಯ ಅಡುಗೆಮನೆ. ಇದ್ದವರು ಮೂವರು: ನನ್ನ ಅತ್ತೆ, ನಾನು ಅಕ್ಕ ಎಂದು ಕರೆಯುತ್ತಿದ್ದ ನನ್ನ ಓರಗಿತ್ತಿ, ಐದು ತಿಂಗಳ ಬಸುರಿಯಾಗಿದ್ದ ನಾನು.

ಓರಗಿತ್ತಿಯ ಬಲಗೈ ಹೆಬ್ಬೆರಳು ಉಗುರಿನ ಪಕ್ಕದಲ್ಲಿ ಉದ್ದಕ್ಕೆ ಸೀಳಿತ್ತು. ಹಿಂದಿನ ದಿನ ನೆನೆಹಾಕಿದ ಅವರೆಕಾಳನ್ನು ಕೊರೆಯುವ ನೀರಿನಿಂದ ಎತ್ತಿ, ಒಂದೊಂದನ್ನೇ ಹಿತುಕಿ ಬೇಳೆ ಹಾರಿಸುವ ಕೆಲಸ ಅದು. ಚಳಿಗಾಲ ಪೂರ್ತಿ ಆ ಸೀಳು ಮಾಯುತ್ತಿರಲಿಲ್ಲ. ಅವಳು ಅದಕ್ಕೆ ಒಂದು ಚೂರು ಬೆಣ್ಣೆ ಸವರಿಕೊಂಡು ಮತ್ತೆ ಕೈಯನ್ನು ನೀರಿಗೆ ಹಾಕುತ್ತಿದ್ದಳು. ಅತ್ತೆ ಆ ಬೆಣ್ಣೆಯನ್ನು ನೋಡಿ ಮುಖ ಗಂಟಿಕ್ಕಿದರೆ, "ಎತ್ತಿನ ಕತ್ತು ಕೆತ್ತೋದ್ರೆ ಎಣ್ಣೆ ಅಚ್ಚಾಕಿಲ್ವಾ? ಇವ್ಳಿಗೂ ವಸಿ ಇರ್ಲಿ ಬುಡಿ" ಎನ್ನುತ್ತಿದ್ದಳು. ನೋವು, ಹಸಿವಿನ ಮಾತು ಬಂದಾಗ ತನ್ನನ್ನು ತಾನು ಅವಳು "ಇವ್ಳು" ಎಂದೇ ಕರೆದುಕೊಳ್ಳುತ್ತಿದ್ದದ್ದು. ತನ್ನ ಮೈಯನ್ನು ತನ್ನ ಕೈಗೆ ಯಾರೋ ಒಪ್ಪಿಸಿ ಹೋಗಿದ್ದಾರೆ, ತಾನು ಅದನ್ನು ಸಾಕಬೇಕಾಗಿದೆ ಎಂಬಂತೆ.

ಅಂದು ಮನೆಗೆ ಬದನಗುಪ್ಪೆಯಿಂದ ಇಬ್ಬರು ನೆಂಟರು ಬಂದಿದ್ದರು. ಅವರಿಗಾಗಿ ಹಿತಕಬೇಳೆ ಸಾರು. ಮಾವ, ಭಾವ, ನನ್ನವರು ಸೇರಿ ಗಂಡಸರು ಐದು ಜನ. ಎಂಟು ಗಂಟೆಗೆ ರಾಗಿ ಹಿಟ್ಟು ಬೆಂದಿತು. ಅಕ್ಕ ಕೋಲಿನಿಂದ ತಿರುವಿ, ಹಲಗೆಯ ಮೇಲೆ ಹಾಕಿ, ಮೊದಲನೆಯ ಮುದ್ದೆ ಕಟ್ಟಿದಳು. ಅದನ್ನು ಗಂಡಸರ ತಟ್ಟೆಗೆ ಹಾಕಲಿಲ್ಲ. ತನ್ನ ತಟ್ಟೆಗೆ ಹಾಕಿಕೊಂಡು, ಒಲೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತು ಮುರಿದಳು. ಆವಿ ಎದ್ದಿತು.

"ಗಂಡಸ್ರು ಇನ್ನೂ ಕೈ ತೊಳ್ದಿಲ್ಲ" ಎಂದರು ಅತ್ತೆ. "ನಾಯಾದ್ರೂ ಕಾಯ್ತದೆ."

"ಕಾಯ್ಲಿ ಬುಡಿ ಅತ್ತೆ. ಅದೇನು ಇಟ್ಟು ತಿರುವ್ತದಾ?"

ಇದು ಆ ಒಂದು ದಿನದ ಮಾತಲ್ಲ, ಆರು ವರ್ಷದಿಂದ ದಿನವೂ ನಡೆಯುತ್ತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಹೆಂಗಸರು ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ. ಆಗ ಉಳಿದಿರುತ್ತಿದ್ದದ್ದು ಪಾತ್ರೆಯ ತಳಕ್ಕೆ ಅಂಟಿದ ಸೀಕಲು, ತಣ್ಣಗೆ ಕಲ್ಲಾದ ಅರ್ಧ ಮುದ್ದೆ, ಬೇಳೆಯನ್ನೆಲ್ಲ ಬಳಿದ ಮೇಲಿನ ಸಾರಿನ ನೀರು. ಬೇಸಿಗೆಯಲ್ಲಿ ಹೇಗೋ ಇಳಿಯುತ್ತದೆ. ಗುಂಡ್ಲುಪೇಟೆಯ ಚಳಿಯಲ್ಲಿ, ಹತ್ತು ಗಂಟೆಯಾದರೂ ಬೆಟ್ಟದ ಕಡೆಯ ಮಂಜು ಬಿಡದ ದಿನಗಳಲ್ಲಿ, ಆ ತುತ್ತು ಗಂಟಲಿನಿಂದ ಕೆಳಗೆ ಹೋಗುವುದು ಗೊತ್ತಾಗುತ್ತದೆ. ಕಾಳು ಹಿತುಕಿದವಳ ತಟ್ಟೆಯಲ್ಲಿ ಒಂದು ಬೇಳೆ ಇರುವುದಿಲ್ಲ.

ಹರವೆಯಿಂದ ಬಂದ ಈ ಹೆಣ್ಣು ಅದನ್ನು ಒಪ್ಪಲಿಲ್ಲ. ಮಾವ ಒಂದು ವರ್ಷ ಅವಳೊಡನೆ ಮಾತು ಬಿಟ್ಟರಂತೆ. ಕೇರಿಯವರು ಹೊಟ್ಟೆಬಾಕಿ ಎಂದು ಹೆಸರಿಟ್ಟರು. ಅವಳು ಹೊಟ್ಟೆಬಾಕಿ ಆಗಿರಲೇ ಇಲ್ಲ; ಅದು ನನಗೆ ಮೊದಲ ವಾರದಲ್ಲೇ ಕಂಡಿತ್ತು, ಆದರೂ ನಾನು ಒಪ್ಪಿಕೊಳ್ಳಲಿಲ್ಲ. ಅವಳು ನಿಧಾನವಾಗಿ ಉಣ್ಣುವಳು, ಉಣ್ಣುವಾಗ ಮಾತಾಡಳು. ನಡುವೆ ಒಮ್ಮೆ ಎಡಗೈಯನ್ನು ಹೊಟ್ಟೆಯ ಮೇಲಿಟ್ಟು "ಸಾಕೇನಮ್ಮಿ?" ಎಂದು ಕೇಳಿಕೊಳ್ಳುವಳು. ಸಾಕು ಅನ್ನಿಸಿದರೆ ಮುಗಿಯಿತು. ಹಬ್ಬದ ಒಬ್ಬಟ್ಟನ್ನು ಅತ್ತೆಯೇ ಬಲವಂತದಿಂದ ಹಾಕಲು ಬಂದರೂ ಕೈ ಅಡ್ಡ ಹಿಡಿದು, "ಇವ್ಳಿಗೆ ಸಾಕಂತೆ" ಎಂದುಬಿಡುವಳು. ಬೇಕೆನ್ನುವುದಕ್ಕೂ ಬೇಡವೆನ್ನುವುದಕ್ಕೂ ಅವಳಿಗೆ ನಾಚಿಕೆ ಇರಲಿಲ್ಲ.

ನಾನು ಬೇರೆ ಮೂಸೆಯವಳು. ಚಾಮರಾಜನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಇದ್ದೆ. ಐದಕ್ಕೆ ಗಂಟೆ, ತಣ್ಣೀರ ಸ್ನಾನ, ಪ್ರಾರ್ಥನೆ, ಏಳೂವರೆಗೆ ಊಟದ ಸಾಲು. ಬಡಿಸಿದ್ದನ್ನು ಬಿಡುವಂತಿಲ್ಲ, ಬಡಿಸದ್ದನ್ನು ಕೇಳುವಂತಿಲ್ಲ. ಎರಡನೆಯ ಸಲ ಕೇಳಿದವಳನ್ನು ನಿಲ್ಲಿಸಿ, ಸಾಲಿನವರೆಲ್ಲ ನೋಡುವಂತೆ ಬಡಿಸುತ್ತಿದ್ದರು. ಹಾಸಿಗೆ ಮಡಿಸುವುದು, ಹೊತ್ತಿಗೆ ಏಳುವುದು, ಕೆಲಸ ಅರ್ಧಕ್ಕೆ ಬಿಡದಿರುವುದು, ಇವೆಲ್ಲ ನಾನು ಅಲ್ಲಿ ಕಲಿತವು. ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಸಿವನ್ನು ಬಾಯಿ ಬಿಟ್ಟು ಹೇಳುವುದು ಹೀನ ಎಂಬುದನ್ನೂ ಅಲ್ಲೇ ಕಲಿತೆ. ಆ ಒಂದು ಪಾಠದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮದುವೆಯಾಗಿ ಬಂದ ಮೇಲೆ ಅಕ್ಕ ದಿನವೂ ತನ್ನ ಪಕ್ಕದ ನೆಲ ತಟ್ಟಿ ಕರೆಯುತ್ತಿದ್ದಳು. "ಬಾ ಕುಂತ್ಕ, ಬಿಸಿ ಇರೋವಾಗ್ಲೇ ಉಣ್ಣು."

"ಬೇಡ ಅಕ್ಕ, ನನಗೆ ಅಭ್ಯಾಸವಿದೆ" ಎಂದು ನಾನು ಓದಿದವಳ ಧ್ವನಿಯಲ್ಲಿ ಹೇಳುತ್ತಿದ್ದೆ.

ಅತ್ತೆಗೆ ಹಿಗ್ಗು. "ಸೊಸೆ ಅಂದ್ರೆ ಇವ್ಳು ಕಣೇ. ಇರುವೆ ಉಂಡಂಗೆ ಉಣ್ತಾಳೆ."

"ಇರುವೆ ಒಟ್ಟೇಲಿ ಇನ್ನೊಂದಿರುವೆ ಅದೆಯಲ್ಲ ಅತ್ತೆ, ಅದಕ್ಕೇನ್ ಹಾಕೀರಿ?"

ನಾನು ತಲೆ ತಗ್ಗಿಸಿ, ಮನಸ್ಸಿನೊಳಗೆ ಬೀಗುತ್ತಿದ್ದೆ. ಬಸುರಿಗೆ ಬರುವ ತಲೆಸುತ್ತನ್ನು ಯಾರಿಗೂ ಹೇಳಲಿಲ್ಲ. ಸೋಮವಾರದ ಉಪವಾಸವನ್ನೂ ಬಿಡಲಿಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅದೂ ಒಂದು ಹೆಮ್ಮೆ. ಮೂರ್ಖಳು ನಾನು.

ಅಂದು ಅಕ್ಕ ಉಂಡೆದ್ದು, ಗಂಡಸರಿಗೆ ಮಣೆ ಹಾಕಲು ನಡುಮನೆಗೆ ಹೋದಳು. ನಾನು ತಟ್ಟೆಗಳನ್ನು ಜೋಡಿಸುತ್ತಿದ್ದಾಗ ಒಲೆಯ ಹಿಂದಿನ ಗೂಡಿನಲ್ಲಿ ಮುಚ್ಚಿಟ್ಟಿದ್ದ ಒಂದು ಬಟ್ಟಲು ಕಣ್ಣಿಗೆ ಬಿತ್ತು. ತೆಗೆದು ನೋಡಿದರೆ ಗಟ್ಟಿ ಸಾರು, ಬರೀ ಬೇಳೆ. ಉಂಡದ್ದು ಸಾಲದೆ ಇನ್ನೊಂದು ಸಲಕ್ಕೂ ಇಟ್ಟುಕೊಂಡಿದ್ದಾಳೆ ಎಂದು ನನ್ನ ಮೈ ಉರಿಯಿತು. ನನ್ನ ಹಾಸ್ಟೆಲಿನಲ್ಲಿ ಇಂಥದಕ್ಕೆ ಒಂದೇ ದಾರಿ, ದೊಡ್ಡವರಿಗೆ ಹೇಳುವುದು. ನಾನು ಅತ್ತೆಗೆ ಹೇಳಿದೆ.

ಅತ್ತೆ ಬಟ್ಟಲನ್ನು ತಂದು, ಅಕ್ಕ ಒಳಗೆ ಬರುವವರೆಗೆ ಕಾದರು. ಅವಳ ಕಣ್ಣೆದುರೇ ಅದನ್ನು ತಪ್ಪಲೆಗೆ ಸುರಿದರು. "ನೆಂಟ್ರು ಬಂದವ್ರೆ, ಮಾನ ಇರ್ಲಿ" ಎಂದರು.

ಅಕ್ಕ ತಪ್ಪಲೆಯನ್ನು ನೋಡಿದಳು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. "ಅದು ನಂದಲ್ಲ" ಎಂದಷ್ಟೇ ಹೇಳಿ, ತಪ್ಪಲೆ ಎತ್ತಿಕೊಂಡು ಬಡಿಸಲು ಹೋದಳು.

ಬಟ್ಟಲು ಯಾರಿಗೆಂದು ನನಗೆ ಆಗ ತಿಳಿಯಿತು. ನೀರು ತರುತ್ತೇನೆಂದು ಹಿತ್ತಲಿಗೆ ಹೋದೆ. ಹಂಡೆಯ ಅಂಚು ಹಿಡಿದದ್ದು ನೆನಪಿದೆ; ಆಮೇಲೆ ಇಲ್ಲ. ಕಣ್ಣು ಬಿಟ್ಟಾಗ ಅಡುಗೆಮನೆಯ ನೆಲದ ಮೇಲಿದ್ದೆ, ತಲೆ ಅತ್ತೆಯ ತೊಡೆಯ ಮೇಲಿತ್ತು. ಅಕ್ಕ ನನ್ನ ಪಾದಗಳನ್ನು ತಿಕ್ಕುತ್ತಿದ್ದಳು. "ಅತ್ತೆ, ಮುಟ್ಟಿ ನೋಡಿ ಇವ್ಳ್ ಕಾಲ. ಮಂಜಿನ್ ಗೆಡ್ಡೆ ಆಗದೆ" ಎಂದು ಎದ್ದು, ಸೀದಾ ನಡುಮನೆಗೆ ನಡೆದಳು. ಬಾಗಿಲು ತೆರೆದಿತ್ತು, ಮಲಗಿದ್ದಲ್ಲಿಂದಲೇ ನನಗೆ ಕಾಣುತ್ತಿತ್ತು.

ಗಂಡಸರು ಮೊದಲನೆಯ ಮುದ್ದೆ ಮುಗಿಸಿ ಎರಡನೆಯದಕ್ಕೆ ಕಾದು ಕುಳಿತಿದ್ದರು. ಅವಳು ಸಾಲಿನ ನಡುವೆ ಬಗ್ಗಿ, ಸಾರಿನ ತಪ್ಪಲೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡಳು.

"ಏನೇ ಅದು?" ಎಂದರು ಭಾವ.

"ಕಾಣಾಕಿಲ್ವಾ? ಸಾರು." ಮಾವನ ಕಡೆ ತಿರುಗಿ, "ಮಾವ, ಏಳ್ಬ್ಯಾಡಿ, ವಸಿ ಕಾಯ್ಕಂಡಿರಿ. ಒಳ್ಗೆ ಒಂದು ಮಗ ಹಸ್ಕಂಡದೆ. ಅದು ಉಂಡ್ಮೇಲೆ ನಿಮ್ಗೆ" ಎಂದಳು.

ನೆಂಟರು ತಟ್ಟೆ ನೋಡುತ್ತಾ ಕುಳಿತರು. ನನ್ನವರು ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ನಾನು ಬಹಳ ವರ್ಷ ಅವರಿಗೆ ಎತ್ತಿ ಆಡಿದ್ದೇನೆ; ಆಡಿದ್ದು ಸರಿಯೇ.

ಒಳಗೆ ಬಂದು ಅವಳು ಒಲೆಯ ಮೇಲೆ ಬಿಸಿಯಾಗಿ ಉಳಿದಿದ್ದ ಹಿಟ್ಟಿನಲ್ಲಿ ಮುದ್ದೆ ಕಟ್ಟಿ ನನ್ನ ಮುಂದಿಟ್ಟು, ಮುದ್ದೆ ಮುಳುಗುವಷ್ಟು ಬೇಳೆಯ ಸಾರು ಹಾಕಿದಳು. ನಾನು ಅಭ್ಯಾಸದಂತೆ "ಸಾಕು" ಎಂದೆ.

"ಯಾರ್ಗೆ ಸಾಕು? ನಿಂಗಾ, ಅತ್ತೆಗಾ?" ಎಂದು ಗದರಿದಳು. "ನಾನೂ ನಿನ್ನಂಗೇ ಒಳ್ಳೇಳಾಗಿದ್ದೆ ಕಣಮ್ಮಿ. ಈ ಮನೇಲಿ ಏಳ್ ತಿಂಗ್ಳು ಒಳ್ಳೇಳಾಗಿದ್ದೆ. ಇಂಥ ಚಳೀಲೇ ನಂದು ಹೋಯ್ತು. ಸೂಲಗಿತ್ತಿ ಕೈಲಿ ಎತ್ಕಂಡು, ಇದ್ಕೆ ಒಳ್ಗೆ ಏನೂ ಸಿಕ್ಕಿಲ್ವಲ್ಲವ್ವಾ ಅಂದ್ಲು. ಅವತ್ತೂ ಎಲ್ರೂ ನನ್ನ ಒಳ್ಳೇಳು ಅಂದ್ರು. ಉಣ್ಣು."

ನಾನು ಉಂಡೆ. ಅಳುತ್ತಾ ಉಂಡೆ, ಆದರೆ ಪೂರ್ತಿ ಉಂಡೆ. ಬಿಸಿ ಹೊಟ್ಟೆಗೆ ಇಳಿದು ಕಾಲಿನವರೆಗೆ ಹೋಯಿತು.

ಅಕ್ಕ ಇನ್ನೊಂದು ಮುದ್ದೆ ಕಟ್ಟಿ ಅತ್ತೆಯ ಮುಂದೆ ಇಟ್ಟಳು. "ನೀವೂ ಕುಂತ್ಕಳಿ."

"ನಿಂಗೇನ್ ಬುದ್ಧಿ ಕೆಟ್ಟದಾ?"

"ಕೆಟ್ಟದೆ. ಕುಂತ್ಕಳಿ."

ಅತ್ತೆ ಗೋಡೆಗೆ ಮುಖ ಮಾಡಿ ಕುಳಿತರು. ಆಮೇಲೆ ಒಂದು ತುತ್ತು ಮುರಿದು, ಅದ್ದಿ, ತಣ್ಣನೆಯ ಹಿಟ್ಟು ನುಂಗುವ ಅಭ್ಯಾಸದಲ್ಲಿ ಒಂದೇ ಸಲಕ್ಕೆ ನುಂಗಿದರು. ಗಂಟಲು ಸುಟ್ಟಿತು. ಎದೆ ಹಿಡಿದುಕೊಂಡು "ಅವ್ವಾ, ಸುಡ್ತದೆ ಕಣೇ" ಎಂದರು. ಸಾವಿರ ಸಾವಿರ ಬಿಸಿ ಮುದ್ದೆಗಳನ್ನು ಆ ಕೈ ಕಟ್ಟಿತ್ತು. ಬಿಸಿ ತುತ್ತನ್ನು ಬಾಯಲ್ಲಿ ಆರಿಸಿಕೊಂಡು ನುಂಗಬೇಕೆಂಬುದು ಮಾತ್ರ ಆ ಬಾಯಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತು ಅತ್ತೆಯ ಮೇಲಿದ್ದ ನನ್ನ ಸಿಟ್ಟಿಗೆ ಆಗ ಹೋಗಲು ಜಾಗ ಸಿಗಲಿಲ್ಲ. ಅದು ಇನ್ನೂ ಜಾಗ ಹುಡುಕುತ್ತಲೇ ಇದೆ.

"ಊದ್ಕಂಡು ಉಣ್ಣಿ" ಎಂದಳು ಅಕ್ಕ, ಮೆಲ್ಲಗೆ. ಅವತ್ತು ಅವಳು ಮೆಲ್ಲಗೆ ಆಡಿದ ಮಾತು ಅದೊಂದೇ.

ಆಮೇಲೆ ಹೊಸದಾಗಿ ಎಸರಿಟ್ಟು ಗಂಡಸರಿಗೆ ಹಿಟ್ಟು ತಿರುವಿದಳು. ಸಾರು ತಳ ಕಂಡಿತ್ತು. ಅವರು ಹುಚ್ಚೆಳ್ಳು ಚಟ್ನಿ, ಮಜ್ಜಿಗೆಯಲ್ಲಿ ಉಂಡೆದ್ದರು. ಯಾರ ಪ್ರಾಣವೂ ಹೋಗಲಿಲ್ಲ.

ಮನೆ ಅಂದಿನಿಂದಲೇ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆ ಮರುದಿನ ಮತ್ತೆ ಕಡೆಯಲ್ಲೇ ಉಂಡರು, ಸಾಯುವವರೆಗೂ ಹಾಗೆಯೇ ಉಂಡರು. ನಾನು ಮಾತ್ರ ಅಕ್ಕನ ಪಕ್ಕದಲ್ಲಿ ಕುಳಿತೆ. ಸೋಮವಾರದ ಉಪವಾಸ ಬಿಟ್ಟೆ. ಬೇಸಿಗೆಯಲ್ಲಿ ಮಗಳು ಹುಟ್ಟಿದಳು, ಬದುಕಿದಳು, ಈಗ ಅವಳೇ ಅಜ್ಜಿ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ನನ್ನ ಮಗಳಿಗೆ ಅವಳು ಕಲಿಸಿದ ಮೊದಲ ಎರಡು ಮಾತು "ಬೇಕು" ಮತ್ತು "ಸಾಕು".

ಅಕ್ಕ ತೀರಿಕೊಂಡದ್ದೂ ಒಂದು ಚಳಿಗಾಲದಲ್ಲಿ, ಎಪ್ಪತ್ತು ದಾಟಿದ ಮೇಲೆ, ಬೆಳಗಿನ ಊಟ ಮುಗಿಸಿ ಬಿಸಿಲಿಗೆ ಕುಳಿತಿದ್ದಾಗ. ಹನ್ನೊಂದನೆಯ ದಿನದ ಊಟದಲ್ಲಿ, ಕೈ ತೊಳೆಯುತ್ತಾ, ನೆಂಟರೊಬ್ಬರು ನಕ್ಕರು: "ವಸಿ ಒಟ್ಟೆಬಾಕಿ, ಆದ್ರೂ ಒಳ್ಳೇಳು ಬುಡು." ನಾನು ಆ ವಯಸ್ಸಿನಲ್ಲಿ, ಅಷ್ಟು ಜನರ ನಡುವೆ, ಕೂಗಿದೆ. ನಾಲ್ಕು ವರ್ಷದ ಹಾಸ್ಟೆಲು, ಮೂವತ್ತು ವರ್ಷದ ಮೇಷ್ಟ್ರಗಿರಿ, ಎಲ್ಲೂ ಹಾಗೆ ಕೂಗಿದವಳಲ್ಲ. ಅವಳು ಉಂಡದ್ದರಿಂದ ನನ್ನ ಮಗಳು ಇಲ್ಲಿ ನಿಂತಿದ್ದಾಳೆ ಎಂದೆ. ಜನ ನನ್ನನ್ನು ಸಮಾಧಾನ ಮಾಡಲು ಬಂದರು. ನನಗೆ ಸಮಾಧಾನ ಬೇಕಿರಲಿಲ್ಲ, ಈಗಲೂ ಬೇಡ.

ಆ ಗುರುವಾರಕ್ಕೆ ಸಂಬಂಧಿಸಿದ ಒಂದು ಸಂಗತಿ ಉಳಿದಿದೆ. ಸಂಜೆ ಏಳು ಗಂಟೆ. ನೆಂಟರು ಬಸ್ಸು ಹತ್ತಿ ಹೋಗಿದ್ದರು. ಅತ್ತೆ ನಡುಮನೆಯಲ್ಲಿ ದೀಪದ ಮುಂದಿದ್ದರು. ಅಕ್ಕ ಪಾತ್ರೆ ತೊಳೆದು ಕೊಡುತ್ತಿದ್ದಳು, ನಾನು ಒರೆಸುತ್ತಿದ್ದೆ.

"ಅಕ್ಕ, ಬಟ್ಟಲ ವಿಷಯ ಅತ್ತೆಗೆ ಹೇಳಿದ್ದು ನಾನು."

"ಗೊತ್ತು. ಇನ್ಯಾರು ಆ ಗೂಡಿಗೆ ಕೈ ಹಾಕೋರು?"

"ನಿಮಗೆಂದುಕೊಂಡಿದ್ದೆ."

"ನಂಗೇ ಇಟ್ಕಂಡಿದ್ರೇನು? ಇಟ್ಕಬಾರ್ದಾ?"

ಅವಳು ತೊಳೆದ ಬಟ್ಟಲೊಂದನ್ನು ನನ್ನ ಎದೆಗೆ ಒತ್ತಿ ಕೊಟ್ಟಳು, ಕೊಡುವುದಕ್ಕಿಂತ ಗುದ್ದಿದಂತೆಯೇ ಇತ್ತು. "ನಾನು ನಿಂಗೆ ಕದ್ದು ಇಟ್ಟಿದ್ದು ನನ್ ತಪ್ಪು. ನಾಳಿಂದ ನಿನ್ ಬಟ್ಲು ನೀನೇ ಇಟ್ಕ. ಗೂಡಲ್ಲಿ ಬ್ಯಾಡ, ಅತ್ತೆ ಕಣ್ಮುಂದೆ ಇಟ್ಕ."

ನಾನು ಆ ಬಟ್ಟಲನ್ನು ಒರೆಸಿ, ಒಲೆಯ ಮುಂದಿನ ಹಲಗೆಯ ಮೇಲೆ, ಬಾಗಿಲಿಂದ ಬರುವವರಿಗೆ ಮೊದಲು ಕಾಣುವ ಕಡೆ ಇಟ್ಟೆ. ಅಕ್ಕ ಒಲೆಯ ಬೂದಿ ಸರಿಸಿ ಕೆಂಡ ಮುಚ್ಚಿದಳು. ಅಂದಿನ ಕೆಲಸ ಮುಗಿದಿತ್ತು.