ಹೊಸ ಕ್ಯಾಮೆರಾ ಮತ್ತು ಕಾಟು ಮಾವು

ಐವತ್ತು ದಾಟಿದ ಗಂಡಸಿನ ಕೊರಳಿಗೆ ಹೊಸದಾಗಿ ಏನಾದರೂ ಬಿದ್ದರೆ ಅದು ಸಾಮಾನ್ಯವಾಗಿ ಸನ್ಮಾನದ ಹಾರ, ಇಲ್ಲವೇ ಡಾಕ್ಟರು ಹಾಕಿಸಿದ ಕತ್ತಿನ ಪಟ್ಟಿ. ಮೂಡುಬಿದಿರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನಾನು ಆ ಪಟ್ಟಿಯನ್ನು ಎಷ್ಟೋ ಜನರಿಗೆ ಮಾರಿದ್ದೇನೆ. ನನ್ನ ಕೊರಳಿಗೆ ಬಿದ್ದದ್ದು ಮಾತ್ರ ಡಿಎಸ್‌ಎಲ್‌ಆರ್ ಕ್ಯಾಮೆರಾ! ಆ ಮನೆತನದಲ್ಲಿ ಅದು ತೀರಾ ಕಿರಿಯ ಕೂಸು, ಕಲಿಯುವವರಿಗೆಂದೇ ಮಾಡಿದ್ದು. ಆದರೂ ಪೆಟ್ಟಿಗೆ ಬಿಚ್ಚಿದ ದಿನ ನನ್ನ ಮುಖ ನೋಡಿ ಹೆಂಡತಿ, "ನಮ್ಮ ಮದುವೆಯ ದಿನ ಸಹ ನೀವು ಇಷ್ಟು ನಗಾಡಿರಲಿಲ್ಲ" ಎಂದಳು. 

ನೀವೂ ಈಚೆಗೆ ಇಂಥದ್ದೊಂದನ್ನು ಕೊಂಡಿದ್ದರೆ ಬನ್ನಿ, ಹತ್ತಿರ ಕೂತುಕೊಳ್ಳಿ. ಬುದ್ಧಿವಾದ ಹೇಳುವ ಅರ್ಹತೆ ನನಗೆ ಪೂರ್ತಿ ಇದೆ, ಏಕೆಂದರೆ ಮಾಡಬಹುದಾದ ತಪ್ಪುಗಳಲ್ಲಿ ಒಂದನ್ನೂ ನಾನು ಬಿಟ್ಟಿಲ್ಲ. ಮೆಮೊರಿ ಕಾರ್ಡನ್ನು ಕಂಪ್ಯೂಟರಿನಲ್ಲೇ ಮರೆತು ಪಾಣೆಮಂಗಳೂರಿನ ಸೇತುವೆಯವರೆಗೆ ಸೂರ್ಯೋದಯ ಹಿಡಿಯಲು ಹೋಗಿದ್ದೇನೆ. ನೇತ್ರಾವತಿಯ ಮೇಲೆ ಅಂಥ ಬೆಳಕು ಮತ್ತೆ ಬೀಳಲಿಲ್ಲ. ಕ್ಯಾಮೆರಾದ ತಲೆಯ ಮೇಲಿನ ಚಕ್ರದಲ್ಲಿ ಹಸಿರು ಬಣ್ಣದ 'ಆಟೋ' ಎಂಬುದೊಂದಿದೆ, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ಅದು ಮಕ್ಕಳಿಗೆ ಎಂದು ತಿರಸ್ಕರಿಸಿ ಮೊದಲ ದಿನವೇ 'ಮ್ಯಾನುವಲ್'ಗೆ ತಿರುಗಿಸಿದ ಮಹಾಶಯ ನಾನು. ಆ ದಿನ ನಮ್ಮ ಮನೆಯ ನಾಯಿ ಒಂದು ಚಿತ್ರದಲ್ಲಿ ಹೊಗೆಯಂತೆ, ಇನ್ನೊಂದರಲ್ಲಿ ಇದ್ದಲಿನಂತೆ ಕಂಡಿತು.

ಆಮೇಲೆ ಬಸದಿಗೆ ಹೋದೆ. ಮಂಟಪದ ಮಸುಕು ಬೆಳಕಿನಲ್ಲಿ ಕ್ಯಾಮೆರಾ ತುಸು ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ, ಅಷ್ಟು ಹೊತ್ತು ನಮ್ಮ ಕೈ ಅಲುಗಬಾರದು. ನನ್ನ ಕೈಗೆ ಅದು ಗೊತ್ತಿರಲಿಲ್ಲ. ಶತಮಾನಗಳಿಂದ ಕದಲದೆ ನಿಂತ ಕಲ್ಲಿನ ಕಂಬಗಳು ನನ್ನ ಚಿತ್ರದಲ್ಲಿ ಊಟಕ್ಕೆ ಹೊರಟ ನೆಂಟರಂತೆ ಒಂದರ ಮೇಲೊಂದು ಬಿದ್ದುಕೊಂಡು ಸಾಗುತ್ತಿದ್ದವು. ನಮ್ಮ ಹಿರಿಯರು ದೇಹದ ಹಂಗು ತೊರೆದು ನೆಟ್ಟಗೆ ನಿಲ್ಲುವ ನಿಲುವಿಗೆ ಕಾಯೋತ್ಸರ್ಗ ಎಂದರು. ವೇಣೂರಿನ ಬಾಹುಬಲಿ ನಿಂತಿರುವುದು ಹಾಗೆ, ಕಾಲಿಗೆ ಬಳ್ಳಿ ಹಬ್ಬಿದರೂ ಅವನಿಗೆ ಪರಿವೆಯಿಲ್ಲ. ಫೋಟೋಗ್ರಾಫರನಿಗೆ ಬೇಕಾದದ್ದು ಆ ನಿಲುವೇ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಮೋಹವಿಲ್ಲದೆ ಗುಂಡಿ ಒತ್ತಬೇಕು. ಆದರೆ ಉಸಿರು ಹಿಡಿದ ಕೂಡಲೇ ನನಗೆ ಮೂಗು ತುರಿಸುತ್ತದೆ. ಆದ್ದರಿಂದ ಮೂರು ಕಾಲಿನ ಸ್ಟ್ಯಾಂಡೊಂದನ್ನು ತರಿಸಿದೆ.

ಆ ಸ್ಟ್ಯಾಂಡನ್ನು ಸ್ಕೂಟರಿಗೆ ಕಟ್ಟಿಕೊಂಡು ಒಂದು ಭಾನುವಾರ ಬೆಳಿಗ್ಗೆ ಬೆಳ್ತಂಗಡಿ ಕಡೆಗೆ ಹೊರಟೆ. ಲಾಯಿಲದ ಹತ್ತಿರ ರಸ್ತೆ ಬದಿಯಲ್ಲಿ ಒಂದು ಕಾಟು ಮಾವಿನ ಮರ ಮೈತುಂಬ ಚಿಗುರಿತ್ತು. ಗೊಜ್ಜಿಗೆ ಹಾಕುವ ಆ ಹುಳಿಸಿಹಿ ಪುಟ್ಟ ಹಣ್ಣಿನ ಕಾಡುಮಾವು ನಿಮಗೆ ಗೊತ್ತೇ ಇದೆ. ತಾಮ್ರದ ಬಣ್ಣದ ಎಳೆ ಎಲೆಗಳ ಹಿಂದಿನಿಂದ ಬಿಸಿಲು ಬರುತ್ತಿತ್ತು.  ರಸ್ತೆಯ ಅಂಚಿನಲ್ಲಿ ಮೂರು ಕಾಲು ಊರಿ, ಒಂದು ಕಣ್ಣು ಮುಚ್ಚಿ ಮರವನ್ನು ನೋಡತೊಡಗಿದೆ.

ರಸ್ತೆ ಅಗಲ ಮಾಡುವ ಸುದ್ದಿ ಆ ಭಾಗದಲ್ಲಿ ಮನೆಮಾತಾಗಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಲ್ಲಿ ಮೂರು ಕಾಲಿನ ಮೇಲೆ ಯಂತ್ರವಿಟ್ಟು ಒಂದು ಕಣ್ಣಿನಿಂದ ನೋಡುವವನು ಒಬ್ಬನೇ, ಸರ್ವೆಯವನು.

ಎದುರಿನ ಪಂಕ್ಚರ್ ಅಂಗಡಿಯವರು "ಅಕ್ಕಾ, ಸರ್ವೆಯವರು!" ಎಂದು ಕೂಗಿದ್ದು ಕೇಳಿಸಿತು. ಮರದ ಹಿಂದಿನ ಮನೆಯಿಂದ ವಯಸ್ಸಾದ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಬಂದರು. ಅವರು ಸುಂದರಿಯಕ್ಕ, ಕೂಗಿದವರು ಹಮೀದಾಕ ಎಂದು ಆಮೇಲೆ ತಿಳಿಯಿತು. ನಮ್ಮೂರಲ್ಲಿ ಮನುಷ್ಯರ ಜೊತೆ ತುಳು, ಆಫೀಸಿನವರ ಜೊತೆ ಕನ್ನಡ. ಅವರು ಕನ್ನಡದಲ್ಲಿ ಶುರುಮಾಡಿದರು.

"ಯಾವ ಆಫೀಸಿನಿಂದ ಬಂದದ್ದು ನೀವು? ಮರಕ್ಕೆ ನಂಬರು ಹಾಕಲಿಕ್ಕಾ?"

"ಅಲ್ಲ ಅಮ್ಮ, ಸುಮ್ಮನೆ ಫೋಟೋ ತೆಗೆಯುವ ಅಂತ."

"ಸುಮ್ಮನೆ ಯಾರು ಕಾಟು ಮರದ ಫೋಟೋ ತೆಗೀತಾರೆ ಮಾರಾಯ್ರೆ? ಎಷ್ಟು ಫೀಟು ಹೋಗ್ತದೆ, ಅದು ಹೇಳಿ. ಮರ ಉಳಿಯುತ್ತದಾ ಇಲ್ಲವಾ?"

ಕೇಳುತ್ತಲೇ ಅವರು ಮರಕ್ಕೂ ಕ್ಯಾಮೆರಾಕ್ಕೂ ನಡುವೆ ಬಂದು ನಿಂತರು. ನನಗೆ ನಾಚಿಕೆಯಾಯಿತು. ಎಷ್ಟು ಆಣೆ ಹಾಕಿದರೂ ಅವರು ನಂಬಲಿಲ್ಲ. ಕೊನೆಗೆ ಬೆಳಿಗ್ಗಿನಿಂದ ತೆಗೆದದ್ದನ್ನೆಲ್ಲ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಒಂದೊಂದಾಗಿ ತೋರಿಸಿದೆ. ಕ್ಯಾಮೆರಾ ಬೆಳಕನ್ನು ಎಷ್ಟು ಹೀರಬೇಕೆಂದು ಹೇಳುವ, ಬಸದಿಯ ಕತ್ತಲೆಗೆಂದು ಏರಿಸಿದ ಐಎಸ್‌ಒ ಇಳಿಸಲು ಮರೆತಿದ್ದೆ, ಹಾಗಾಗಿ ಎಲ್ಲ ಸುಣ್ಣ ಬಳಿದಷ್ಟು ಬಿಳಿ. ಒಂದರಲ್ಲಿ ಬಸ್ಸಿನ ಹಿಂಭಾಗ, ಒಂದರಲ್ಲಿ ನನ್ನದೇ ಚಪ್ಪಲಿ. ಸುಂದರಿಯಕ್ಕ ಎಲ್ಲವನ್ನೂ ಕೂಲಂಕಷವಾಗಿ ನೋಡಿ, ಹಮೀದಾಕನ ಕಡೆ ತಿರುಗಿ ತುಳುವಿನಲ್ಲಿ, "ಇವರು ಸರ್ವೆಯವರಲ್ಲ. ಅವರಿಗೆ ಇದಕ್ಕಿಂತ ಲಾಯ್ಕ ತೆಗೆಯಲಿಕ್ಕೆ ಬರ್ತದೆ" ಎಂದರು. ನನ್ನ ಮಾನ ಹೋಯಿತು, ಆದರೆ ನಾನು ಮನುಷ್ಯರ ಪಟ್ಟಿಗೆ ಸೇರಿದೆ.

ಮುಂದಿನ ಮಾತೆಲ್ಲ ತುಳುವಿನಲ್ಲೇ ನಡೆಯಿತು.

"ನಿಜವಾದವರು ಬರುವ ಮೊದಲು ಒಂದು ಸರಿಯಾದ್ದು ತೆಗೆದುಕೊಡಿ" ಎಂದರು. "ಮರ ಹೋದರೆ ನೋಡಲಿಕ್ಕಾದರೂ ಬೇಕಲ್ಲ."

ಔಷಧಿ ಅಂಗಡಿಯವನಿಗೆ ಗೊತ್ತು, ಚೀಟಿ ಓದುವಾಗ ತಮಾಷೆ ನಡೆಯುವುದಿಲ್ಲ. ಅಂಥದೇ ಭಯದಲ್ಲಿ ಐಎಸ್‌ಒ ಇಳಿಸಿದೆ. ಮರ ಪೂರ್ತಿ ಹಿಡಿಸಲು ರಸ್ತೆಯ ಆಚೆ ಬದಿಗೆ ಹೋದೆ. ನಡುವೆ ಒಂದೇ ಸಮನೆ ಬಸ್ಸು. ಆಗ ಹಮೀದಾಕ ರಸ್ತೆಗಿಳಿದು ಕೈ ಎತ್ತಿ ಒಂದು ಎಕ್ಸ್‌ಪ್ರೆಸ್ ಬಸ್ಸನ್ನು ನಿಲ್ಲಿಸಿಯೇಬಿಟ್ಟರು! ನಮ್ಮ ಖಾಸಗಿ ಬಸ್ಸುಗಳನ್ನು ಬಲ್ಲವರಿಗೆ ಇದು ಎಂಥ ಪವಾಡವೆಂದು ಬೇರೆ ಹೇಳಬೇಕಾಗಿಲ್ಲ. ಕಂಡಕ್ಟರ್ ಸೀಟಿ ಊದಿದ, ಕಿಟಕಿಗಳಲ್ಲೆಲ್ಲ ತಲೆಗಳು. ಸುಂದರಿಯಕ್ಕ ಮರಕ್ಕೆ ಕೈಯಾನಿಸಿ ನಿಂತರು. ಅವರ ಕಣ್ಣಿಗೆ ಫೋಕಸ್ ಇಟ್ಟು ಒತ್ತಿದೆ.

ಪರದೆ ನೋಡಿ ಕುಣಿಯುವಂತಾಯಿತು. ಸುಕ್ಕು, ಚಿಗುರು, ಬಿಸಿಲು, ಎಲ್ಲ ಇದ್ದಲ್ಲೇ ಇದ್ದವು. ನನ್ನ ಬದುಕಿನ ಮೊದಲ ಒಳ್ಳೆಯ ಫೋಟೋ! ಓಡಿಹೋಗಿ ತೋರಿಸಿದೆ. ಸುಂದರಿಯಕ್ಕನ ಮುಖ ಸಣ್ಣದಾಯಿತು.

"ಮರ ರಸ್ತೆಗೆ ಇಷ್ಟು ಬಾಗಿದೆಯಾ? ಇದನ್ನು ನೋಡಿದರೆ ನಾಳೆಯೇ ಕಡಿದಾರು. ಅಳಿಸಿ, ಅಳಿಸಿ."

ಕ್ಯಾಮೆರಾದಲ್ಲಿ ಕಸದ ಬುಟ್ಟಿಯ ಚಿತ್ರವಿರುವ ಗುಂಡಿಯೊಂದಿದೆ. ಹೊಸಬರು ಅದನ್ನು ಅವಸರದಲ್ಲಿ ಒತ್ತಬಾರದು ಎಂದು ಬಲ್ಲವರು ಹೇಳುತ್ತಾರೆ.  ಆದರೆ ಅವರ ಮುಖ ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲ. ಒತ್ತಿದೆ.

ಆಮೇಲೆ ಸ್ಟ್ಯಾಂಡನ್ನು ಮಡಚಿಟ್ಟು ಅವರ ಅಂಗಳಕ್ಕೆ ಹೋದೆ. ಮೊಣಕಾಲೂರಿ, ಇನ್ನೂ ತಗ್ಗಿ, ಕೊನೆಗೆ ಹೊಟ್ಟೆಯ ಮೇಲೇ ಮಲಗಿದೆ. ಆ ಮಟ್ಟದಿಂದ ನೋಡಿದರೆ ಕೆಂಪುಕಲ್ಲಿನ ಗಿಡ್ಡ ಗೋಡೆ ರಸ್ತೆಯನ್ನು ಪೂರ್ತಿ ಮುಚ್ಚಿತು. ಇಷ್ಟೂ ದಿನ ಚೌಕಟ್ಟಿನೊಳಗೆ ಏನೇನು ತುರುಕಬಹುದು ಎಂದು ಒದ್ದಾಡಿದವನಿಗೆ, ಬಿಡುವುದೂ ಒಂದು ಕೆಲಸವೆಂದು ತಿಳಿದದ್ದು ಆಗಲೇ. ಕಾಟು ಮಾವು, ಆಕಾಶ, ನನ್ನ ಅವಸ್ಥೆಗೆ ಹಲ್ಲುಬಿಟ್ಟು ನಗುವ ಸುಂದರಿಯಕ್ಕ, ಅಷ್ಟೇ.

ಮುಂದಿನ ವಾರ ಆ ಚಿತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟೆ. ರಸ್ತೆಯ ಸುದ್ದಿ ಇನ್ನೂ ಹಾಗೆಯೇ ಇತ್ತು. ಚಾವಡಿಯ ಗೋಡೆಗೆ ತೂಗುಹಾಕುವಾಗ ಮೊಳೆ ಹೊಡೆಯಲು ಬಂದ ಹಮೀದಾಕ ಕಣ್ಣು ಕಿರಿದು ಮಾಡಿ ನೋಡಿ, "ಇದರಲ್ಲಿ ರಸ್ತೆಯೇ ಇಲ್ಲವಲ್ಲ ಅಕ್ಕ" ಎಂದರು.

"ಇಲ್ಲ" ಎಂದರು ಸುಂದರಿಯಕ್ಕ. "ಇಲ್ಲದ ರಸ್ತೆಯನ್ನು ಅವರು ಹೇಗೆ ಅಗಲ ಮಾಡ್ತಾರೆ, ನೋಡುವ."